ಬಾಲಂಗೋಚಿಯ ಉದ್ದ

ಹೆದರಿಕೆಯ ವಿಷಯದಲ್ಲಿ ನಾನು ಯಾರಿಗೂ ಸೋತವನಲ್ಲ. ನಾಯಿ, ಕತ್ತಲೆ, ಹಾವು, ಪೊಲೀಸರು ಇವೆಲ್ಲ ಊರಿಗೇ ಸೇರಿದ ಹೆದರಿಕೆಗಳು. ಅವನ್ನು ನನ್ನ ಹೆಸರಿಗೆ ಹಚ್ಚಿಕೊಳ್ಳುವುದು ಸರಿಯಲ್ಲ. ನನ್ನ ಸ್ವಂತದವು ಬೇರೆ ಇದ್ದವು. ಏಣಿ ಹತ್ತಲು ಹೆದರಿಕೆ, ಹತ್ತಿದ ಮೇಲೆ ಇಳಿಯಲು ಹೆದರಿಕೆ. ಅಂಚೆಯವನು ಮನೆಯ ಮುಂದೆ ನಿಂತರೆ ಯಾರು ತೀರಿಕೊಂಡರೋ ಎಂಬ ಹೆದರಿಕೆ. ನಿಲ್ಲದೆ ಮುಂದೆ ಹೋದರೆ, ಯಾರೋ ತೀರಿಕೊಂಡಿದ್ದಾರೆ, ನನಗೆ ತಿಳಿಸಬಾರದೆಂದು ಮುಚ್ಚಿಟ್ಟಿದ್ದಾರೆ ಎಂಬ ಹೆದರಿಕೆ. ಇದಕ್ಕೆಲ್ಲ ಕಾರಣ ನಮ್ಮ ಅವ್ವ ಎಂದು ನಾನು ಬಹಳ ದಿನ ಹೇಳಿಕೊಂಡು ತಿರುಗಿದ್ದೇನೆ. ನಮ್ಮೂರು ಮಾಸೂರು. ಮಗ್ಗುಲಿಗೆ ಮದಗದ ಕೆರೆ. ಊರಿನ ಉಳಿದ ಹುಡುಗರು ಆ ಕೆರೆಯಲ್ಲಿ ಎಮ್ಮೆಗಳ ಜೊತೆಗೆ ಈಜು ಕಲಿತರು. ನಾನು ಏರಿಯ ಮೇಲೆ ಅವ್ವನ ಕೈ ಹಿಡಿದು ನಡೆಯಲು ಕಲಿತೆ. ನನಗೆ ಮೀಸೆ ಬಂದ ಮೇಲೂ ಅವಳು ಆ ಏರಿಯ ಮೇಲೆ ನನ್ನ ಕೈ ಬಿಟ್ಟವಳಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲವೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಇಂಥ ನಾನು ಮಾಸ್ತರನಾದೆ. ಸವಣೂರಿನ ಕನ್ನಡ ಶಾಲೆಯಲ್ಲಿ ಕೆಲಸ. ಮಠದ ಹಿಂದಿನ ಓಣಿಯಲ್ಲಿದ್ದ ಸೋದರತ್ತೆಯ ಮನೆಯಲ್ಲಿ ವಸತಿ. ಗಂಗತ್ತೆ ನಮ್ಮ ತಂದೆಯ ಅಕ್ಕ. ಸೀರೆ ಉಡಲು ಬರುವ ಮೊದಲೇ ಮದುವೆಯಾಗಿ, ಉಡಲು ಬಂದ ಹೊತ್ತಿಗೆ ಗಂಡನನ್ನು ಕಳೆದುಕೊಂಡವಳು. ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು, ಮಡಿಯಲ್ಲಿ ಬದುಕುತ್ತ ಎಪ್ಪತ್ತರ ಹತ್ತಿರ ಬಂದಿದ್ದಳು. ಬೇರೆಯವರಿಗೆ ಹೊಲ, ಮನೆ, ಮಕ್ಕಳು ಇರುವಂತೆ ಅವಳಿಗೆ ಮಡಿ ಇತ್ತು. ಒಗೆದು ಒಣಹಾಕಿದ ಸೀರೆಯನ್ನು ಮರುದಿನ ಸ್ನಾನ ಮಾಡಿದ ಮೇಲೆ ಕೋಲಿನಿಂದ ಇಳಿಸಿ ಉಡಬೇಕು. ನಡುವೆ ಯಾರೂ ಮುಟ್ಟುವಂತಿಲ್ಲ. ಬೇಯಿಸಿದ ಅನ್ನವೆಂದರೆ ಮುಸುರೆ. ಅದರ ಒಂದು ಅಗುಳು ತಾಗಿದ ಕೈ ತೊಳೆಯದೆ ನೀರಿನ ಕೊಡ ಮುಟ್ಟುವಂತಿಲ್ಲ, ಮಡಿಬಟ್ಟೆಗೆ ತಾಗಿದರೆ ಅದು ಮಡಿಯೇ ಅಲ್ಲ. ಗಂಗತ್ತೆ ಎಂದೂ ನನ್ನ ಮೇಲೆ ಕೂಗಾಡಿದವಳಲ್ಲ. ನಾನು ತಪ್ಪಿ ಏನಾದರೂ ಮುಟ್ಟಿದರೆ ಸುಮ್ಮನೆ ನನ್ನತ್ತ ನೋಡಿ ಬಾವಿಗೆ ಹೋಗಿ ಮತ್ತೊಮ್ಮೆ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದಳು. ಆ ನೀರಿನ ಸಪ್ಪಳ ಕೇಳಿದರೆ ನಾನು ಓಣಿಗೆ ಹೋಗಿ ನಿಲ್ಲುತ್ತಿದ್ದೆ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಯುದ್ಧ ನಡೆದಿದ್ದ ಕಾಲ. ಸೀಮೆಎಣ್ಣೆ ಸಿಕ್ಕರೆ ಸಕ್ಕರೆ ಸಿಗದು, ಎರಡೂ ಸಿಕ್ಕರೆ ಕಾಗದ ಸಿಗದು. ಅಂಥದರಲ್ಲಿ ಶಾಲೆಯ ತಪಾಸಣೆಗೆ ಸಾಹೇಬರು ಬರುವವರಿದ್ದಾರೆ, ಈ ಸಲ ಹುಡುಗರ ಕೈಗೆಲಸ ನೋಡುತ್ತಾರಂತೆ ಎಂದು ಸುದ್ದಿ ಬಂದಿತು. ಹೆಡ್‌ಮಾಸ್ತರರು ಎಲ್ಲರನ್ನೂ ಕೂಡಿಸಿ ಕೆಲಸ ಹಂಚಿದರು. ಒಬ್ಬರು ಮಣ್ಣಿನ ಹಣ್ಣುಗಳನ್ನು ಹಿಡಿದರು, ಒಬ್ಬರು ಈಚಲು ಚಾಪೆಯನ್ನು ಹಿಡಿದರು. ಆಷಾಢದ ಗಾಳಿ ಬೀಸುತ್ತಿದೆ, ಗಾಳಿಪಟವೂ ಇರಲಿ ಎಂದರು ಹೆಡ್‌ಮಾಸ್ತರರು. ನಾನು ಹಿಂದೊಮ್ಮೆ ಯಾವುದೋ ಮಾತಿನ ಭರದಲ್ಲಿ, ಮಾಸೂರಿನಲ್ಲಿ ನನ್ನ ಹಾಗೆ ಗಾಳಿಪಟ ಮಾಡುವವರು ಇರಲಿಲ್ಲವೆಂದು ಹೇಳಿದ್ದೆ. ಅದು ಸುಳ್ಳಲ್ಲ. ಬಿದಿರನ್ನು ತೆಳ್ಳಗೆ ಸೀಳಿ, ಕೂದಲೆಳೆಯಷ್ಟೂ ಓರೆಯಾಗದಂತೆ ಹೆರೆದು, ತೂಕ ನೋಡಿ ಕಟ್ಟುವುದು ನನಗೆ ಚೆನ್ನಾಗಿ ಬರುತ್ತಿತ್ತು. ಮಾಡಿದ ಪಟವನ್ನು ಹಾರಿಸುವವರು ಮಾತ್ರ ಬೇರೆ. ದಾರ ಕೈಯಲ್ಲಿ ಹಿಡಿದರೆ ಅದು ನನ್ನನ್ನೂ ಎತ್ತಿಕೊಂಡು ಹೋಗುವುದೆಂಬ ಹೆದರಿಕೆ ನನಗೆ ಹತ್ತು ವರ್ಷದವನಿದ್ದಾಗಲೇ ಬಂದದ್ದು, ಆಮೇಲೆ ಹೋಗಲಿಲ್ಲ.

ಆರನೆಯ ಇಯತ್ತೆಯ ಹುಡುಗರನ್ನು ಕಟ್ಟಿಕೊಂಡು ಕೆಲಸಕ್ಕೆ ಕುಳಿತೆ. ಅವರಲ್ಲಿ ಇಬ್ಬರು ಮುಂದಾಳುಗಳು. ಬಸಲಿಂಗ ಎಲೆತೋಟದವರ ಹುಡುಗ. ಅವರ ತೋಟದ ಬೇಲಿಯಿಂದ ಬಲಿತ ಬಿದಿರು ತಂದ. ಮೌಲಾನ ತಂದೆ ಪೇಟೆಯಲ್ಲಿ ಖಾರ ಕರಿದು ಮಾರುತ್ತಿದ್ದ. ಪೊಟ್ಟಣ ಕಟ್ಟಲು ತಂದ ಹಳೆಯ ಪತ್ರಿಕೆಗಳು ಅವರ ಅಂಗಡಿಯಲ್ಲಿದ್ದವು. ಒಂದು ಕಟ್ಟು ಎತ್ತಿಕೊಂಡು ಬಂದ. ಹುಡುಗರು ಕೈಗೆ ಸಿಕ್ಕ ಹಾಳೆ ಹಚ್ಚಲು ಹೊರಟರು, ನಾನು ತಡೆದೆ. ಸಾಹೇಬರು ತಲೆ ಎತ್ತಿ ನೋಡಿದಾಗ ಪಟದ ಮೇಲೆ ರಾಜರ ಚಿತ್ರ ತಲೆಕೆಳಗಾಗಿ ಕಂಡರೆ ಗತಿಯೇನು? ಸೆರೆಮನೆಯಲ್ಲಿದ್ದ ಮುಂದಾಳುಗಳ ಚಿತ್ರ ನೆಟ್ಟಗೆ ಕಂಡರಂತೂ ಮುಗಿಯಿತು. ಒಂದೊಂದೇ ಹಾಳೆ ತಿರುವಿ ನೋಡಿದೆ. ಯುದ್ಧದ ಸುದ್ದಿಯಿದ್ದದ್ದು ಬೇಡ, ಸಭೆಯ ಸುದ್ದಿಯಿದ್ದದ್ದು ಬೇಡ, ಔಷಧಿಯ ಜಾಹೀರಾತಿನಲ್ಲಿ ಹೆಂಗಸಿನ ಚಿತ್ರವಿದ್ದದ್ದೂ ಬೇಡ. ಕೊನೆಗೆ ಹತ್ತಿ, ಶೇಂಗಾ, ಮೆಣಸಿನಕಾಯಿಗಳ ಪೇಟೆ ಧಾರಣೆಯ ಹಾಳೆಗಳು ಉಳಿದವು. ಅವುಗಳಿಂದ ಆಳೆತ್ತರದ ಪಟವೊಂದು ಸಿದ್ಧವಾಯಿತು. ಬೆನ್ನಿಗೆ ನೆಟ್ಟನೆಯ ಕಡ್ಡಿ, ಭುಜಕ್ಕೆ ಬಿಲ್ಲಿನಂತೆ ಬಗ್ಗಿಸಿದ ಕಡ್ಡಿ, ಸುತ್ತ ಹುರಿ. ಜಾಲಿಮರದ ಅಂಟನ್ನು ನೀರಿನಲ್ಲಿ ನೆನೆಸಿ ಕಾಗದ ಹಚ್ಚಿದೆವು. ಎದೆಗೆ ಸೂತ್ರ ಕಟ್ಟಿ, ಎರಡು ಬೆರಳಲ್ಲಿ ಎತ್ತಿ ಹಿಡಿದಾಗ ಅದು ಅತ್ತಿತ್ತ ವಾಲದೆ ನಿಂತಿತು. ಹುಡುಗರ ಮುಖದ ಮೇಲೆ ನಗು ಕಂಡಿತು. ನನಗೂ ಬಹಳ ದಿನಗಳ ಮೇಲೆ ಹೆಮ್ಮೆಯೆನಿಸಿತು.

ಜಗಳ ಬಂದದ್ದು ಬಾಲಂಗೋಚಿಯಲ್ಲಿ. ಪಟಕ್ಕೆ ಬಾಲ ಗಿಡ್ಡದಾದರೆ ಅದು ಗಾಳಿಯಲ್ಲಿ ಗಿರಕಿ ಹೊಡೆಯುತ್ತದೆ. ಉದ್ದವಾದರೆ ಸಾವಕಾಶವಾಗಿ ಏರಿ ತೆಪ್ಪಗೆ ನಿಲ್ಲುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಎಷ್ಟು ಉದ್ದ ಎಂಬಲ್ಲಿ ಮಾತ್ರ ಆಯಾ ಮನುಷ್ಯನ ಸ್ವಭಾವ ಕೆಲಸ ಮಾಡುತ್ತದೆ. ಪಟದ ಮೂರು ಪಾಲು ಸಾಕೆಂದು ಹುಡುಗರು ಹೇಳಿದರು. ನಾನು ಮೂರಕ್ಕೆ ಇನ್ನೆರಡು ಕೂಡಿಸಿದೆ. ಮನೆಗೆ ಹೋಗಿ ಊಟ ಮಾಡುವಾಗ ಸಾಹೇಬರ ತಲೆಯ ಮೇಲೆ ಪಟ ಗಿರಕಿ ಹೊಡೆದು ಬಿದ್ದಂತೆ ಕಣ್ಣಿಗೆ ಕಟ್ಟಿತು. ಮಧ್ಯಾಹ್ನ ಬಂದು ಮತ್ತಷ್ಟು ಕೂಡಿಸಿದೆ. ಹುರಿಗೆ ಕಾಗದದ ಪಟ್ಟಿಗಳನ್ನು ಒತ್ತೊತ್ತಾಗಿ ಅಂಟಿಸುತ್ತ ಹೋದೆವು. ಬಾಲಂಗೋಚಿ ಇಯತ್ತೆಯ ಕೋಣೆಯನ್ನು ದಾಟಿ ಪಡಸಾಲೆಗೆ ಬಂದಿತು.

“ಮಾಸ್ತರ, ಪಟಾ ಹಾರಸಾಕ ಬಾಲಾ ಕಟ್ತಾರ್ರಿ,” ಎಂದ ಬಸಲಿಂಗ, ಬಹಳ ವಿನಯದಿಂದ. “ನೀವು ಹಾರಬಾರದಂತ ಕಟ್ಟಾಕತ್ತೀರಿ.”

ಅವನು ಹೇಳಿದ್ದು ನಿಜವೇ ಆಗಿತ್ತು. ಆದರೆ ಮಾಸ್ತರನಾದವನು ಒಪ್ಪಿಕೊಳ್ಳುವುದು ಹೇಗೆ? ಸುರಕ್ಷಿತತೆ, ಸಮತೋಲ ಮುಂತಾದ ದೊಡ್ಡ ಶಬ್ದಗಳನ್ನು ಬಳಸಿ ಅವನ ಬಾಯಿ ಮುಚ್ಚಿಸಿದೆ. ಅಷ್ಟರಲ್ಲಿ ಜಾಲಿಯ ಅಂಟು ತೀರಿಹೋಯಿತು. ಅರ್ಧ ಬಾಲಂಗೋಚಿ ಇನ್ನೂ ಉಳಿದಿತ್ತು. ಮೌಲಾ ಓಡುತ್ತ ಹೋಗಿ ಒಂದು ಎಲೆಯಲ್ಲಿ ಅನ್ನ ತಂದ. ಅವರ ಓಣಿಯಲ್ಲಿ ಹಿಂದಿನ ದಿನ ಶಾದಿ ಆಗಿತ್ತಂತೆ, ದೊಡ್ಡ ಪಾತ್ರೆಯಲ್ಲಿ ಅನ್ನ ಉಳಿದಿತ್ತಂತೆ. ಅಗುಳುಗಳನ್ನು ಬೆರಳಿನಿಂದ ಅರೆದು ಅಂಟಿಸಿದರೆ ಗೋಂದಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ಶಾಲೆಯಲ್ಲಿ ಮುಸುರೆಯ ಮಾತೆಲ್ಲಿ ಬಂತು? ನಾನೂ ಕೈ ಹಚ್ಚಿದೆ, ಮುಗಿಸಿದೆವು. ಅಂದು ದಶಮಿ.

ಮರುದಿನ ಪ್ರಥಮ ಏಕಾದಶಿ, ಶಾಲೆಗೆ ಸೂಟಿ. ಆ ದಿನ ನಮ್ಮವರೆಲ್ಲ ಮಠಕ್ಕೆ ಹೋಗಿ ಮುದ್ರೆ ಹಾಕಿಸಿಕೊಳ್ಳುತ್ತಾರೆ. ಶಂಖ ಚಕ್ರಗಳ ಮುದ್ರೆಗಳನ್ನು ಹೋಮದ ಬೆಂಕಿಯಲ್ಲಿ ಕಾಯಿಸಿ ಸ್ವಾಮಿಗಳು ತೋಳಿಗೆ ಒತ್ತುತ್ತಾರೆ. ಪಾಪವೆಲ್ಲ ಸುಟ್ಟುಹೋಗುತ್ತದೆ ಎನ್ನುತ್ತಾರೆ. ಸುಡುವುದರ ಬಗ್ಗೆ ನನಗೂ ಸಂಶಯವಿರಲಿಲ್ಲ. ಹಿಂದಿನ ವರ್ಷ ಹೊಟ್ಟೆನೋವೆಂದು ಹೇಳಿ ತಪ್ಪಿಸಿಕೊಂಡಿದ್ದೆ. ಈ ವರ್ಷ ಮತ್ತೆ ಹೊಟ್ಟೆಯನ್ನು ಮುಂದೆ ಮಾಡುವಂತಿರಲಿಲ್ಲ. ಅದಕ್ಕೆಂದೇ ಪಟದ ಪರೀಕ್ಷೆಯನ್ನು ಸರಿಯಾಗಿ ಮುದ್ರೆಯ ಹೊತ್ತಿಗೆ ಇಟ್ಟುಕೊಂಡೆ. ಸಾಹೇಬರು ಬರುವವರಿದ್ದಾರೆ, ಸರಕಾರಿ ಕೆಲಸ ಎಂದು ಗಂಗತ್ತೆಗೆ ಹೇಳಿದೆ. ಅವಳು ಒತ್ತಾಯ ಮಾಡಲಿಲ್ಲ. ಹೋಗುವ ಮೊದಲು ಒಂದು ಮಾತು ಹೇಳಿದಳು. ವಾರದಿಂದ ಜಿಟಿಜಿಟಿ ಮಳೆ ಹಿಡಿದು ಒಳಗಿನ ಗಳದ ಮೇಲೆ ಸೀರೆ ಒಣಗದೆ ಮುಗ್ಗಲು ವಾಸನೆ ಬರುತ್ತಿತ್ತು. ಅಂದು ಬಿಸಿಲು ಬಿದ್ದಿದ್ದರಿಂದ ಮಡಿಸೀರೆಯನ್ನು ಮಾಳಿಗೆಯ ಮೇಲೆ ಹಾಕಿದ್ದಳು. ಮರುದಿನ ಉಪವಾಸ ಮುರಿಯುವ ಪಾರಣೆಗೆ ಉಡಬೇಕಾದ ಸೀರೆ ಅದೊಂದೇ. ಮೈಮೇಲಿದ್ದದ್ದು ಮಠದ ಗದ್ದಲದಲ್ಲಿ ಮೈಲಿಗೆಯಾಗುವುದು. ಮಡಿಗೆಂದಿದ್ದ ಉಣ್ಣೆಯ ದಾಬಳಿಯನ್ನು ಹಾನಗಲ್ಲಿಗೆ ಯಾರದೋ ಬಾಣಂತನಕ್ಕೆ ಹೋದಾಗ ಅಲ್ಲೇ ಬಿಟ್ಟುಬಂದಿದ್ದಳು. ಮಾಳಿಗೆಯ ಕಡೆ ಲಕ್ಷ್ಯವಿರಲಿ, ಒಂದು ಕಾಗೆಯೂ ಕೂಡಬಾರದು ಎಂದು ಹೇಳಿ ಹೋದಳು.

ಹಾರಿಸುವ ಜಾಗವನ್ನು ನಾನು ಬಹಳ ವಿಚಾರ ಮಾಡಿ ಆರಿಸಿದ್ದೆ. ಎಲೆತೋಟದ ಹತ್ತಿರ ಬೇಡ. ಬಳ್ಳಿಗೆ ಸಿಕ್ಕಿದರೆ ತೋಟದವರು ಬಿಡುವುದಿಲ್ಲ. ಮಸೀದಿಯ ಹತ್ತಿರ ಬೇಡ, ಮಠದ ಹತ್ತಿರವಂತೂ ಬೇಡವೇ ಬೇಡ. ಬಾವಿ, ಮರ, ದನ, ಪೊಲೀಸ್ ಕಚೇರಿ ಇವೆಲ್ಲವನ್ನೂ ಬಿಟ್ಟು ಕೊನೆಗೆ ಕೆರೆಯ ಏರಿ ಗೊತ್ತು ಮಾಡಿದೆ. ಅಲ್ಲಿಂದ ಗಾಳಿ ಯಾವ ಕಡೆ ಹೋಗುತ್ತದೆ ಎಂಬುದನ್ನೂ ನೋಡಿದ್ದೆ. ನಮ್ಮ ಓಣಿಯ ಕಡೆ ಹೋಗುತ್ತಿತ್ತು. ಆದರೆ ಓಣಿ ದೂರ, ನಾನು ತಂದ ದಾರ ಗಿಡ್ಡದು, ಅದಕ್ಕಾಗಿ ಧೈರ್ಯದಿಂದಿದ್ದೆ. ಬಸಲಿಂಗ ದಾರ ಹಿಡಿದ. ಮೌಲಾ ಪಟ ಎತ್ತಿ ಹಿಡಿದು ಓಡಿದ. ಬಾಲಂಗೋಚಿಯನ್ನು ಐದಾರು ಹುಡುಗರು ಹೊತ್ತುಕೊಂಡು ಹಿಂದೆ ಓಡಿದರು. ಒಂದು ಗಾಳಿ ಬಂತು. ಪಟ ಮೆಲ್ಲಗೆ ನೆಲ ಬಿಟ್ಟಿತು.

ನಾನು ಮಾಡಿದ ಪಟ ಹಾರುವುದನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಹತ್ತಿಯ ಧಾರಣೆ, ಶೇಂಗಾದ ಧಾರಣೆ ಎಲ್ಲ ಮೇಲಕ್ಕೇರುತ್ತ ಹೋಗಿ ಕಾಣದಾದವು. ಹುಡುಗರು ಕುಣಿದರು. ನನ್ನ ಎದೆಯೂ ಒಂದು ಗಳಿಗೆ ಹಗುರಾಯಿತು. ಆ ಗಳಿಗೆಯಲ್ಲಿ ಮೌಲಾ ತನ್ನ ಕಿಸೆಯಿಂದ ಇನ್ನೊಂದು ದಾರದ ಉಂಡೆ ತೆಗೆದು ಕೊನೆಗೆ ಗಂಟು ಹಾಕಿದ್ದು ನನಗೆ ಕಾಣಲಿಲ್ಲ. ಕಂಡಾಗ ಪಟ ನಮ್ಮ ಓಣಿಯ ಮೇಲಿತ್ತು. ಎಳೆಯಿರಿ ಎಂದೆ. ಎಳೆಯುತ್ತಿದ್ದಂತೆ ಗಾಳಿ ಬಿದ್ದುಹೋಯಿತು. ಹಗುರವಾದ ಪಟವಾಗಿದ್ದರೆ ತೇಲಾಡಿಕೊಂಡು ನಿಲ್ಲುತ್ತಿತ್ತೇನೋ. ನಮ್ಮದನ್ನು ಬಾಲಂಗೋಚಿಯೇ ಕೆಳಗೆ ಜಗ್ಗಿತು. ಮನೆಗಳ ಮೇಲೆ ಸಾವಕಾಶವಾಗಿ ಇಳಿಯುತ್ತ, ಯಾವ ಮಾಳಿಗೆ ಒಳ್ಳೆಯದೆಂದು ನೋಡುತ್ತ ಹೋದಂತೆ ಹೋಗಿ, ಒಂದು ಕಡೆ ಕುಳಿತುಬಿಟ್ಟಿತು. ಆ ಮಾಳಿಗೆಯ ಮೇಲೆ ಏನೋ ಕೆಂಪಗೆ ಕಾಣುತ್ತಿತ್ತು. ಹುಡುಗರಿಗೆ ಅಲ್ಲೇ ನಿಲ್ಲಲು ಹೇಳಿ ಓಡಿದೆ.

ಮನೆಯಲ್ಲಿ ಯಾರೂ ಇರಲಿಲ್ಲ. ಏಣಿ ಹತ್ತಿದೆ, ಏಣಿಯ ಹೆದರಿಕೆ ಅಂದು ನೆನಪಾಗಲಿಲ್ಲವೆಂದರೆ ಉಳಿದ ಹೆದರಿಕೆ ಎಷ್ಟು ದೊಡ್ಡದಿರಬೇಕೆಂದು ನೀವೇ ತಿಳಿದುಕೊಳ್ಳಿ. ಪಟ ಮಾಳಿಗೆಯ ಮೂಲೆಯಲ್ಲಿ ಬೋರಲಾಗಿ ಬಿದ್ದಿತ್ತು. ಅದರಿಂದ ಏನೂ ಆಗಿರಲಿಲ್ಲ. ಬಾಲಂಗೋಚಿ ಮಾತ್ರ ಇಡೀ ಸೀರೆಯ ಮೇಲೆ, ಈ ಸೆರಗಿನಿಂದ ಆ ಸೆರಗಿನವರೆಗೆ, ಹಾಸಿಕೊಂಡು ಮಲಗಿತ್ತು. ಅದೂ ಜಾಲಿಯ ಅಂಟಿನ ಭಾಗವಲ್ಲ, ಅನ್ನದ ಭಾಗ. ಬಸಲಿಂಗನ ಮಾತು ಕೇಳಿ ಮೂರು ಪಾಲಿಗೆ ನಿಲ್ಲಿಸಿದ್ದರೆ ಅನ್ನವೇ ಬೇಕಾಗುತ್ತಿರಲಿಲ್ಲ. ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಕೋಲಿನಿಂದ ಬಾಲಂಗೋಚಿಯನ್ನು ಎತ್ತಿದೆ. ಎತ್ತಿದ ಮೇಲೆ ನೋಡಿದರೆ ಅದು ಮಡಿಕೋಲು. ಸರಿ, ಕೋಲೂ ಹೋಯಿತು. ಸೀರೆಯ ಅಂಚಿನ ಹತ್ತಿರ ಒಂದು ಅಗುಳು ಅಂಟಿಕೊಂಡಿತ್ತು. ಸೀರೆ ಇನ್ನೂ ಹಸಿಯಾಗಿದ್ದರಿಂದ ಅದು ನೆನೆದು ಉಬ್ಬಿ, ಬೇಕಾದವರಿಗೆ ಕಾಣಲಿ ಎಂಬಂತೆ ಕುಳಿತಿತ್ತು. ಬಣ್ಣವೂ ಪೂರ್ತಿ ಬೆಳ್ಳಗಿರಲಿಲ್ಲ, ಕೊಂಚ ಹಳದಿ. ಶಾದಿಯಲ್ಲಿ ಆ ಅನ್ನದ ಮಗ್ಗುಲಿಗೆ ಏನೇನಿತ್ತೋ ಎಂದು ಯೋಚಿಸುವ ಧೈರ್ಯ ನನಗಾಗಲಿಲ್ಲ. ಅದನ್ನು ಉಗುರಿನಿಂದ ತೆಗೆದೆ. ತೆಗೆದ ಮೇಲೆ ಹೊಳೆಯಿತು, ಈಗ ಸೀರೆಯನ್ನು ನಾನೂ ಮುಟ್ಟಿದೆನೆಂದು. ಇನ್ನು ಮಾಡಬೇಕಾದದ್ದು ಏನೂ ಉಳಿಯಲಿಲ್ಲ. ಪಟವನ್ನು ಸುತ್ತಿಕೊಂಡು ಇಳಿದು, ಹಿತ್ತಲ ಬಾಗಿಲಿನಿಂದ ಏರಿಗೆ ಹೋಗಿ ಹುಡುಗರಿಗೆ ಕೊಟ್ಟುಬಂದೆ.

ಸಂಜೆಗೆ ಗಂಗತ್ತೆ ಮಠದಿಂದ ಬಂದಳು. ತೋಳಿನ ಮೇಲೆ ಮುದ್ರೆಯ ಗುರುತು ಕೆಂಪಗೆ ಎದ್ದಿತ್ತು. ದಶಮಿಯ ಮಧ್ಯಾಹ್ನದಿಂದ ನೀರು ಕೂಡ ಕುಡಿದಿರಲಿಲ್ಲ. ತುಟಿ ಒಣಗಿ, ಕಂಬ ಹಿಡಿದುಕೊಂಡು ಕುಳಿತಳು. ಮಾಳಿಗೆಯ ಸೀರೆಯನ್ನು ಬೇರೊಂದು ಕೋಲಿನಿಂದ ಇಳಿಸಿ ಒಳಗಿನ ಗಳದ ಮೇಲೆ ಹಾಕಿದಳು. ನಾನು ಗೋಡೆಯನ್ನು ನೋಡುತ್ತ ನಿಂತಿದ್ದೆ. ಗಾಳಿಪಟದ ಮಾತು ಅವಳು ಎತ್ತಲಿಲ್ಲ. ಮರುದಿನ ದ್ವಾದಶಿ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೇ ಮುಗಿಯುವುದಿತ್ತು, ಅಷ್ಟರೊಳಗೆ ಪಾರಣೆಯಾಗಬೇಕು. ನಾನು ಬೆಳಿಗ್ಗೆ ಬೇಗ ಏಳಬೇಕಾಗಿಲ್ಲ, ಏರಿಯ ಮೇಲೆ ತಿರುಗಿ ದಣಿದಿದ್ದೇನೆ, ಮಲಗಿಯೇ ಇರಬೇಕು ಎಂದಳು. ಎಂದೂ ಅಂಥ ಮಾತು ಆಡಿದವಳಲ್ಲ. ಆ ಅಕ್ಕರೆಯ ಮಾತು ಕೇಳಿ ನಾನು ಹೋಗಿ ಹಾಸಿಗೆ ಹಾಸಿಕೊಂಡೆ.

ಈಗ ನನ್ನ ಫಜೀತಿ ನೋಡಿ. ಹೇಳಿದರೆ ಆ ಸೀರೆ ಉಡುವಂತಿಲ್ಲ. ಬೇರೆ ಮಡಿ ಇಲ್ಲ. ಮಡಿಯಿಲ್ಲದೆ ಅಡಿಗೆಯಿಲ್ಲ, ಪಾರಣೆಯಿಲ್ಲ. ಎಪ್ಪತ್ತರ ಮುದುಕಿ ಇನ್ನೂ ಒಂದು ದಿನ ನೀರಿಲ್ಲದೆ ಕೂಡಬೇಕು. ಏನಾದರೂ ಹೆಚ್ಚುಕಡಿಮೆ ಆದರೆ ಕೊಂದವನು ನಾನು. ಹೇಳದಿದ್ದರೆ, ಹುಡುಗಿಯಾಗಿದ್ದಾಗಿನಿಂದ ಒಂದು ದಿನವೂ ತಪ್ಪದೆ ಕಾಯ್ದುಕೊಂಡು ಬಂದ ಮಡಿ ನನ್ನ ಬಾಲಂಗೋಚಿಯ ದೆಸೆಯಿಂದ ಅವಳಿಗೇ ತಿಳಿಯದೆ ಹಾಳಾಗುವುದು. ಅವಳಿಗಿದ್ದದ್ದು ಅದೊಂದೇ ಆಸ್ತಿ. ಅದನ್ನು ಕದ್ದು ಅವಳ ಎದುರಿಗೆ ತಣ್ಣಗೆ ಕುಳಿತು ಉಣ್ಣುವುದು ಹೇಗೆ? ದೇವರ ಹೆದರಿಕೆ ಒಂದು ಕಡೆ, ಗಂಗತ್ತೆಯ ಹೆದರಿಕೆ ಒಂದು ಕಡೆ. ಅವಳು ಸತ್ತಾಳೆಂಬ ಹೆದರಿಕೆ ಎರಡರ ನಡುವೆ. ಯಾವುದು ದೊಡ್ಡದೆಂದು ತೂಗುವಷ್ಟರಲ್ಲಿ ಕೋಳಿ ಕೂಗಿತು.

ನಸುಕಿನಲ್ಲಿ ಬಾವಿಯ ಗಡಗಡೆಯ ಸಪ್ಪಳ ಕೇಳಿಸಿತು. ಸ್ನಾನ ಮುಗಿಸಿ ಒದ್ದೆ ಸೀರೆಯಲ್ಲಿ ಗಂಗತ್ತೆ ಒಳಗೆ ಬಂದಳು. ಗಳದ ಕೆಳಗೆ ನಿಂತು ಕೋಲು ಎತ್ತಿದಳು. ನಾನು ಹಾಸಿಗೆಯಿಂದ ಎದ್ದು ಬಂದು ಅವಳಿಗೂ ಗಳಕ್ಕೂ ನಡುವೆ ನಿಂತೆ. ಜನ್ಮದಲ್ಲಿ ಯಾರಿಗೂ ಅಡ್ಡ ನಿಂತವನಲ್ಲ. ಆದರೂ ಒಳಗೆಲ್ಲೋ ಒಂದು ಬಗೆಯ ಕೆಚ್ಚು ಹುಟ್ಟಿತ್ತು. ಧೈರ್ಯವೆಂದರೆ ಇದೇ ಇರಬೇಕು ಎನಿಸಿತ್ತು.

“ಅತ್ತಿ, ಅದನ್ನ ಉಡಬ್ಯಾಡ್ರಿ,” ಎಂದೆ. “ನಿನ್ನೆ ನಮ್ಮ ಗಾಳಿಪಟದ ಬಾಲಂಗೋಚಿ ಅದರ ಮ್ಯಾಲೆ ಬಿದ್ದಿತ್ತು. ಅದಕ್ಕ ಅನ್ನಾ ಹಚ್ಚಿ ಅಂಟಿಸಿದ್ವಿ.”

ಗಂಗತ್ತೆ ನನ್ನ ಮುಖ ನೋಡಿದಳು. ಎತ್ತಿದ ಕೋಲನ್ನು ಮೆಲ್ಲಗೆ ಇಳಿಸಿದಳು. ಯಾವ ಅನ್ನ, ಯಾರು ಅಂಟಿಸಿದರು, ಒಂದನ್ನೂ ಕೇಳಲಿಲ್ಲ. ಪೂರ್ವದ ಕಡೆಯ ಕಿಟಕಿ ನೋಡಿದಳು, ಬೆಳಕು ಹರಿಯುತ್ತಿತ್ತು. ಸೀದಾ ಬಾವಿಗೆ ಹೋದಳು. ಒದ್ದೆ ಬಟ್ಟೆ ಎಂದಿದ್ದರೂ ಮಡಿಯೇ, ರಾತ್ರಿಯೆಲ್ಲ ಅದು ನನಗೆ ಹೊಳೆದಿರಲಿಲ್ಲ. ಉಟ್ಟ ಸೀರೆಯ ಮೇಲೆಯೇ ಮತ್ತೆ ಕೊಡಗಟ್ಟಲೆ ನೀರು ಸುರಿದುಕೊಂಡು, ನೀರು ಸೋರುತ್ತಿದ್ದ ಸೀರೆಯಲ್ಲೇ ಒಲೆ ಹೊತ್ತಿಸಿ, ಅನ್ನಕ್ಕಿಟ್ಟು, ದೇವರಿಗೆ ತೋರಿಸಿ, ಸೂರ್ಯ ಮೇಲೆ ಬರುವಷ್ಟರಲ್ಲಿ ಎಲೆಯ ಮುಂದೆ ಕುಳಿತಳು. ಹಿತ್ತಲ ಬಾಗಿಲಿನಿಂದ ಆಷಾಢದ ಗಾಳಿ ಭರ್ರೆಂದು ಬೀಸುತ್ತಿತ್ತು. ಅವಳ ಕೈ ನಡುಗಿ ತುತ್ತು ಎಲೆಗೇ ಬೀಳುತ್ತಿತ್ತು. ಬಾಗಿಲು ಮುಚ್ಚಲು ಹೋದೆ. ಮೈಲಿಗೆಯವನು ಹತ್ತಿರ ಬರಬಾರದೆಂದು ಕೈ ಮಾಡಿದಳು. ದೂರ ನಿಂತು ನೋಡಿದೆ. ಅಷ್ಟು ಹೊತ್ತು ಯಾರ ಊಟವನ್ನೂ ನಾನು ನಿಂತು ನೋಡಿಲ್ಲ.

ಮಧ್ಯಾಹ್ನಕ್ಕೆ ಗಂಗತ್ತೆಯ ಮೈ ಬಿಸಿಯಾಯಿತು, ಸಂಜೆಗೆ ಚಳಿ ಬಂದು ಹಲ್ಲು ಕಟಕಟಿಸಿದವು. ಇಂಗ್ಲಿಷ್ ಔಷಧ ಮುಟ್ಟುವವಳಲ್ಲ. ಶುಂಠಿ ಕಷಾಯ ಮಾಡಿಕೊಟ್ಟೆ. ಕಂಬಳಿಯ ಮೇಲೆ ಕಂಬಳಿ ಹೊದಿಸಿ, ಉಸಿರು ಆಡುತ್ತಿದೆಯೇ ಎಂದು ಗಳಿಗೆಗೊಮ್ಮೆ ಬಗ್ಗಿ ನೋಡುತ್ತಿದ್ದೆ. ಅಂಚೆಯವನನ್ನು ನೋಡಿ ಹೆದರುತ್ತಿದ್ದವನಿಗೆ ಈಗ ಮಾಸೂರಿಗೆ ನಾನೇ ಎಂಥ ಕಾಗದ ಬರೆಯಬೇಕಾದೀತು ಎಂಬ ಹೆದರಿಕೆ ಹತ್ತಿತು. ಎರಡು ದಿನ ಶಾಲೆಗೆ ಹೋಗಲಿಲ್ಲ. ಮೂರನೆಯ ದಿನ ಸಾಹೇಬರು ಬಂದರು, ಹೋಗದೆ ಗತಿಯಿರಲಿಲ್ಲ. ಅವರ ಮುಂದೆ ನಮ್ಮ ಪಟ ಎಷ್ಟು ಚಂದ ಹಾರಿತೆಂದರೆ, ಸಾಹೇಬರು ಟೊಪ್ಪಿಗೆ ತೆಗೆದು ಕುತ್ತಿಗೆ ನೋಯುವವರೆಗೆ ನೋಡಿದರಂತೆ. ನಾನು ನೋಡಲಿಲ್ಲ, ನನ್ನ ಮನಸ್ಸೆಲ್ಲ ಮನೆಯಲ್ಲಿತ್ತು. ಹೆಡ್‌ಮಾಸ್ತರರು ನನ್ನ ಬೆನ್ನು ತಟ್ಟಿದರು. ಹೇಗೆ ಹಾರಿತು ಎಂದು ಆಮೇಲೆ ಮೌಲಾನನ್ನು ಕೇಳಿದೆ.

“ನೀವು ಎರಡ ದಿನಾ ಸಾಲಿಗೆ ಬರಲಿಲ್ಲಲ್ರಿ ಮಾಸ್ತರ, ಅದಕ್ಕ ಬಾಲಾ ಅರ್ಧಾ ಕಡದ್ವಿ,” ಎಂದ. “ಅನ್ನಾ ಹಚ್ಚಿದ್ದಷ್ಟೂ ತಗದ್ವಿ.”

ಮನೆಗೆ ಬಂದಾಗ ಗಂಗತ್ತೆಯ ಜ್ವರ ಇಳಿದಿತ್ತು. ಗೋಡೆಗೆ ಒರಗಿ ಕುಳಿತು ಹಸಿವೆಯಾಗಿದೆ ಎಂದಳು. 'ಹಸಿವೆ' ಎಂಬ ಶಬ್ದ ಅಷ್ಟು ಇಂಪಾಗಿ ಕೇಳಿದ್ದು ಅದೇ ಮೊದಲು. ಸ್ನಾನ ಮಾಡಿ ಮಡಿಯುಟ್ಟು ನಾನೇ ಗಂಜಿ ಕಾಯಿಸಿದೆ. ಬಟ್ಟಲು ಮುಂದಿಡುತ್ತ, ನನ್ನ ತಪ್ಪಿನಿಂದ ಅವಳಿಗೆ ಇಷ್ಟೆಲ್ಲ ಆಯಿತು, ಆದರೆ ಅವಳ ಮಡಿಯನ್ನಾದರೂ ಉಳಿಸಿದೆ ಎಂಬ ಅರ್ಥ ಬರುವಂತೆ ಏನೋ ಹೇಳಿದೆ. ನಿಜ ಹೇಳಬೇಕೆಂದರೆ, ಹೊಗಳಿಸಿಕೊಳ್ಳುವ ಆಸೆ ಇತ್ತು. ಹೆದರುಪುಕ್ಕನೊಬ್ಬ ಮೊದಲ ಸಲ ಧೈರ್ಯ ಮಾಡಿದಾಗ ಯಾರಾದರೂ ಒಂದು ಒಳ್ಳೆಯ ಮಾತು ಆಡಬೇಡವೇ?

ಗಂಗತ್ತೆ ಗಂಜಿಯನ್ನು ಮೆಲ್ಲಗೆ ಕುಡಿದು ಬಟ್ಟಲು ಕೆಳಗಿಟ್ಟಳು.

“ನಾ ನೋಡಿದ್ದೆ,” ಎಂದಳು. “ಮಠದಿಂದ ನೀರಡಿಕಿ ತಡಿಲಾರದ, ಒಂಚೂರು ಅಡ್ಡಾಗೂಣಂತ ನಡುವ ಎದ್ದು ಬಂದಿದ್ದೆ. ಹಿತ್ತಲದಾಗ ನಿಂತು ನೋಡಿದೆ. ನೀ ಮಾಳಿಗಿ ಮ್ಯಾಲೆ ಕೋಲು ಹಿಡಕೊಂಡು ಒದ್ದಾಡ್ಲಿಕತ್ತಿದ್ದಿ. ಕೃಷ್ಣಾರ್ಪಣ ಅಂದು ತಿರುಗಿ ಮಠಕ್ಕ ಹೋದೆ.”

ಮತ್ತೆ ಆ ಸೀರೆ ಉಡಲು ಹೊರಟಿದ್ದಿರಲ್ಲ ಎಂದು ಹೇಗೋ ಕೇಳಿದೆ.

“ಮತ್ತೇನು ಮಾಡ್ಲಿ? ಹೊಟ್ಟಿ ಹಸಿದಿತ್ತು. ಗಾಳಿ ತಂದದ್ದು, ಗಾಳಿ ಒಯ್ತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲಂದ್ರ ನನಗ ಗೊತ್ತಿಲ್ಲ, ದೇವರಿಗೂ ಗೊತ್ತಿಲ್ಲ. ಅದಕ್ಕ ನಿನಗ ಬೆಳಿಗ್ಗೆ ಏಳಬ್ಯಾಡ ಅಂದೆ. ನೀ ಎದ್ದು ಬಂದು ನಡುವ ನಿಂತಿ. ಹೇಳಿಬಿಟ್ಟ ಮ್ಯಾಲೆ ಹ್ಯಾಂಗ ಉಡಲಿ?” ಗಂಗತ್ತೆ ಕಂಬಳಿಯನ್ನು ಎದೆಯವರೆಗೆ ಎಳೆದುಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. “ಹುಟ್ಟಿದಾಗಿಂದ ನೋಡೇನಿ ನಿನ್ನ. ಇಂಥಾ ಅಂಜುಬುರಕ ಎಂದೂ ಹೇಳಂಗಿಲ್ಲ ಅಂತ ನಿನ್ನ ಅಂಜಿಕಿ ಮ್ಯಾಲೆ ಭಾಳ ಭರೋಸಾ ಇಟ್ಟಿದ್ನೋ.”

ಇನ್ನೂ ಒಂದು ಮಾತು ನನ್ನ ಹೊಟ್ಟೆಯಲ್ಲಿತ್ತು. ಆ ಅನ್ನ ಯಾರ ಮನೆಯ ಶಾದಿಯದು ಎಂಬುದು. ಅಭ್ಯಾಸವಾಗಿಬಿಟ್ಟಿತ್ತೋ ಏನೋ, ಅದನ್ನೂ ಹೇಳಿ ಹಗುರಾಗಬೇಕೆಂದು ಬಾಯಿ ತೆರೆದೆ. ಗಂಗತ್ತೆ ಸುಮ್ಮನೆ ನನ್ನತ್ತ ನೋಡಿದಳು. ನನಗೆ ಚೆನ್ನಾಗಿ ಹೆದರಿಕೆಯಾಯಿತು. ಬಾಯಿ ಮುಚ್ಚಿಕೊಂಡು, ಬಟ್ಟಲು ತೆಗೆದುಕೊಂಡು ಒಳಗೆ ಹೋಗಿ ಇನ್ನಷ್ಟು ಗಂಜಿ ತಂದುಕೊಟ್ಟೆ. ಅವಳು ಅದನ್ನೂ ಕುಡಿದಳು.